ಗಿಟಾರ್ ಆಂಪ್ಲಿಫೈಯರಿನ ಕಾಲುಸ್ವಿಚ್ಚಿಗೆ ಸೂಚಕ ದೀಪ

ಕೈಗೆ ಬಿಡುವಿಲ್ಲದ ಕೆಲಸಗಳಲ್ಲೆಲ್ಲ ಮನುಷ್ಯನು ಕಾಲಿನ ನೆರವನ್ನು ಪಡೆಯುತ್ತ ಬಂದಿದ್ದಾನೆ. ಇಳಕಲ್ಲಿನ ಅಥವಾ ಗುಳೇದಗುಡ್ಡದ ನೇಕಾರನು ಕುಣಿಮಗ್ಗದಲ್ಲಿ ಕುಳಿತು ಕೈಯಿಂದ ಲಾಳಿಯನ್ನು ಓಡಿಸುವಾಗ, ಕಾಲಿನಿಂದ ಹಲಗೆಗಳನ್ನು ತುಳಿದು ಹಾಸಿನ ಎಳೆಗಳನ್ನು ಮೇಲೆ ಕೆಳಗೆ ಮಾಡುತ್ತಾನೆ. ಹೊಲಿಗೆ ಯಂತ್ರದ ಮುಂದೆ ಕುಳಿತ ತಾಯಿಯ ಎರಡೂ ಕೈಗಳು ಬಟ್ಟೆಯ ಮೇಲಿದ್ದರೆ ಚಕ್ರವನ್ನು ತಿರುಗಿಸುವುದು ಕಾಲು. ನಮ್ಮ ನಾಟಕ ಕಂಪನಿಗಳಲ್ಲಿ ಕಾಲಿನಿಂದ ಗಾಳಿಯೂದಿ ಎರಡೂ ಕೈಗಳಿಂದ ನುಡಿಸುವ ಪೇಟಿಯಿತ್ತೆಂಬುದನ್ನು ಹಿರಿಯರು ಬಲ್ಲರು.

ವಿದ್ಯುತ್ ಗಿಟಾರನ್ನು ನುಡಿಸುವವನ ಸ್ಥಿತಿಯೂ ಇದೇ. ಅವನ ಎಡಗೈ ತಂತಿಗಳನ್ನು ಒತ್ತುತ್ತಿರುತ್ತದೆ, ಬಲಗೈ ಮೀಟುತ್ತಿರುತ್ತದೆ. ಹಾಡಿನ ನಡುವೆ ನಾದವನ್ನು ಬದಲಿಸಬೇಕಾದರೆ ಉಳಿದಿರುವುದು ಕಾಲೊಂದೇ. ಅದಕ್ಕಾಗಿ ನೆಲದ ಮೇಲೆ ಒಂದು ಚಿಕ್ಕ ಪೆಟ್ಟಿಗೆಯನ್ನಿಟ್ಟು, ಅದರ ಗುಂಡಿಯನ್ನು ಪಾದದಿಂದ ಒತ್ತುವ ಏರ್ಪಾಡನ್ನು ಮಾಡಿದ್ದಾರೆ. ಇದೇ ಕಾಲುಸ್ವಿಚ್ಚು.

ಆದರೆ ನೇಕಾರನಿಗೂ ಗಿಟಾರ್ ವಾದಕನಿಗೂ ಒಂದು ವ್ಯತ್ಯಾಸವುಂಟು. ಹಲಗೆಯನ್ನು ತುಳಿದೊಡನೆಯೇ ಎಳೆಗಳು ಬಾಯ್ದೆರೆಯುವುದನ್ನು ನೇಕಾರನು ಕಣ್ಣಾರೆ ಕಾಣುತ್ತಾನೆ. ಕಾಲುಸ್ವಿಚ್ಚಿನ ಗುಂಡಿಯಾದರೋ ಒಮ್ಮೆ ಒತ್ತಿದರೆ ಮುಚ್ಚಿಕೊಳ್ಳುತ್ತದೆ, ಮತ್ತೊಮ್ಮೆ ಒತ್ತಿದರೆ ತೆರೆದುಕೊಳ್ಳುತ್ತದೆ; ಎರಡೂ ಸ್ಥಿತಿಗಳಲ್ಲಿ ಹೊರಗಿನಿಂದ ಅದರ ರೂಪ ಒಂದೇ. ಶಾಲೆಯ ಸ್ನೇಹಸಮ್ಮೇಳನದಲ್ಲಿ ಪ್ರಾರ್ಥನಾಗೀತೆಗೆ ಮೃದುವಾದ ಸ್ವರವನ್ನು ಬಯಸಿ ತಂತಿ ಮೀಟಿದ ಬಾಲಕನಿಗೆ ಆಂಪ್ಲಿಫೈಯರಿನಿಂದ ಗರ್ಜನೆಯು ಹೊರಟರೆ ಅವನ ಮುಖವೇನಾಗಬೇಕು? ನುಡಿಸುವುದಕ್ಕೆ ಮೊದಲೇ ಗುಂಡಿಯು ಯಾವ ಸ್ಥಿತಿಯಲ್ಲಿದೆಯೆಂದು ತಿಳಿಸುವ ಒಂದು ಕಿರುದೀಪವಿದ್ದರೆ ಈ ಮುಖಭಂಗವು ತಪ್ಪುತ್ತದೆ. ಅಂತಹ ದೀಪವನ್ನು ಸ್ವತಃ ಜೋಡಿಸುವ ಬಗೆಯನ್ನೂ ಅದರ ಹಿಂದಿರುವ ತತ್ತ್ವವನ್ನೂ ವಿವರಿಸುವುದೇ ಈ ಲೇಖನದ ಉದ್ದೇಶ.

ಗೋವೆಯಲ್ಲಿ ಈ ವಿಷಯವೇಕೆ?

ಗೋವೆಯಲ್ಲಿ ಗಿಟಾರು ಅಪರೂಪದ ವಾದ್ಯವಲ್ಲ. ಇಲ್ಲಿಯ ಚರ್ಚುಗಳ ಪಾಠಶಾಲೆಗಳಲ್ಲಿ ತಲೆಮಾರುಗಳಿಂದ ಸ್ವರಲಿಪಿಯನ್ನು ಕಲಿಸುತ್ತ ಬಂದಿದ್ದಾರೆ. ಕೊಂಕಣಿಯ ತಿಯಾತ್ರ್ ರಂಗಭೂಮಿಗೆ ವಾದ್ಯವೃಂದವೇ ಉಸಿರು. ಕ್ರಿಸ್ ಪೆರಿಯವರ ಸಂಯೋಜನೆಗಳೂ ಲೋರ್ನಾ ಅವರ ಕಂಠವೂ ಕೊಂಕಣಿ ಹಾಡಿಗೆ ಹೊಸ ಕಳೆಯನ್ನು ತಂದವು. ಶಿವೋಲಿ ಗ್ರಾಮದ ರೆಮೋ ಫರ್ನಾಂಡಿಸರು 1984ರಲ್ಲಿ ‘ಗೋವನ್ ಕ್ರೇಜಿ’ ಎಂಬ ಧ್ವನಿಮುದ್ರಿಕೆಯನ್ನು ತಮ್ಮ ಮನೆಯಲ್ಲಿಯೇ ಸಿದ್ಧಪಡಿಸಿದರು. ಉಪಕರಣಗಳನ್ನು ತಾನೇ ಅರಿತು ಬಳಸುವವನಿಗೆ ಊರು ಚಿಕ್ಕದೆಂಬುದು ಅಡ್ಡಿಯಾಗುವುದಿಲ್ಲವೆಂಬುದಕ್ಕೆ ಇದೊಂದು ನಿದರ್ಶನ.

ಗೋವೆಯು 1961ರ ಡಿಸೆಂಬರ್ 19ರಂದು ವಿಮೋಚನೆಗೊಂಡ ತರುವಾಯ ಬಂದರು, ಗಣಿ, ಕಟ್ಟಡಗಳ ಕೆಲಸಕ್ಕಾಗಿ ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳಗಳ ಕಡೆಯಿಂದ ಬಂದು ನೆಲೆಸಿದ ಕನ್ನಡ ಮನೆತನಗಳು ಬಹಳ. ಆ ಮನೆಗಳ ಮಕ್ಕಳು ಇಂದು ನೆರೆಹೊರೆಯವರಿಂದ ಗಿಟಾರನ್ನು ಕಲಿಯುತ್ತಿದ್ದಾರೆ. ರಾಜ್ಯೋತ್ಸವಕ್ಕೂ ಗಣೇಶೋತ್ಸವಕ್ಕೂ ಭಾವಗೀತೆಗಳಿಗೆ ಅದನ್ನೇ ನುಡಿಸುತ್ತಿದ್ದಾರೆ. ಅವರ ಕೈಗೆ ಸಿಗುವ ಆಂಪ್ಲಿಫೈಯರುಗಳು ಬಹುಮಟ್ಟಿಗೆ ಹಳೆಯವು. ಅವುಗಳ ಕಾಲುಸ್ವಿಚ್ಚಿನಲ್ಲಿ ದೀಪವಿರುವುದಿಲ್ಲ, ಹೊಸತನ್ನು ಕೊಳ್ಳಲು ಹಣವಿರುವುದಿಲ್ಲ. ಆದುದರಿಂದ ಇದ್ದುದನ್ನೇ ಸುಧಾರಿಸಿಕೊಳ್ಳುವ ವಿದ್ಯೆಯು ನಮಗೆ ಬೇಕಾದುದು.

ಆಂಪ್ಲಿಫೈಯರ್ ಮತ್ತು ಸ್ವಿಚ್ಚು

ವಿದ್ಯುತ್ ಗಿಟಾರಿನ ಉಕ್ಕಿನ ತಂತಿಗಳ ಕೆಳಗೆ ಅಯಸ್ಕಾಂತವೂ, ಅದರ ಸುತ್ತ ಕೂದಲಿನಂತಹ ತಾಮ್ರದ ತಂತಿಯ ಸಾವಿರಾರು ಸುತ್ತುಗಳೂ ಇರುತ್ತವೆ. ತಂತಿಯು ಕಂಪಿಸಿದಾಗ ಅಯಸ್ಕಾಂತ ಕ್ಷೇತ್ರವು ಕಲಕಲ್ಪಟ್ಟು ಸುತ್ತುಗಳಲ್ಲಿ ವಿದ್ಯುತ್ತು ಹುಟ್ಟುತ್ತದೆ. 1831ರಲ್ಲಿ ಮೈಕೇಲ್ ಫ್ಯಾರಡೆಯು ಕಂಡುಕೊಂಡ ತತ್ತ್ವವೇ ಇದು; ಬೈಸಿಕಲ್ಲಿನ ಡೈನಮೋದಲ್ಲಿ ಕೆಲಸ ಮಾಡುವುದೂ ಇದೇ. ಹೀಗೆ ಹುಟ್ಟಿದ ವಿದ್ಯುತ್ತು ಒಂದು ವೋಲ್ಟಿನ ಹತ್ತರಲ್ಲಿ ಒಂದೆರಡು ಭಾಗದಷ್ಟು ಮಾತ್ರ. ಅದನ್ನು ಸ್ಪೀಕರನ್ನು ಅಲುಗಿಸಬಲ್ಲಷ್ಟು ದೊಡ್ಡದು ಮಾಡುವುದು ಆಂಪ್ಲಿಫೈಯರಿನ ಕೆಲಸ. ಹಿಂದೆ ಈ ಕೆಲಸವನ್ನು ವಾಲ್ವುಗಳು ಮಾಡುತ್ತಿದ್ದವು, ಅನಂತರ ಟ್ರಾನ್ಸಿಸ್ಟರುಗಳು ಬಂದವು. 1954ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯು 1960ರ ದಶಕದಲ್ಲಿ ಈ ಎರಡನ್ನೂ ತಯಾರಿಸುತ್ತಿತ್ತು. ಗಿಟಾರಿನ ಲೋಕದಲ್ಲಿ ವಾಲ್ವಿನ ಆಂಪ್ಲಿಫೈಯರುಗಳು ತಮ್ಮ ವಿಶಿಷ್ಟ ನಾದಕ್ಕಾಗಿ ಇಂದಿಗೂ ಬಳಕೆಯಲ್ಲಿವೆ.

ಅನೇಕ ಆಂಪ್ಲಿಫೈಯರುಗಳಲ್ಲಿ ಎರಡು ದಾರಿಗಳಿರುತ್ತವೆ: ಒಂದು ಶುದ್ಧ ಸ್ವರದ್ದು, ಇನ್ನೊಂದು ಬೇಕೆಂದೇ ಸ್ವರವನ್ನು ಒರಟುಗೊಳಿಸುವಂಥದು. ಕೆಲವುಗಳಲ್ಲಿ ಬಾವಿಯೊಳಗೆ ಕೂಗಿದಂತಹ ಅನುರಣನವನ್ನು ಕೊಡುವ ಏರ್ಪಾಡೂ ಇರುತ್ತದೆ. ಕಾಲುಸ್ವಿಚ್ಚು ಇವುಗಳನ್ನು ಬದಲಿಸುವ ಬಗೆಯು ತೀರ ಸರಳವಾದುದು. ಪೆಟ್ಟಿಗೆಯಿಂದ ಹೊರಡುವ ಕೇಬಲಿನೊಳಗೆ ಎರಡು ತಂತಿಗಳಿರುತ್ತವೆ. ಒಂದು, ಜ್ಯಾಕ್ ಪಿನ್ನಿನ ತುದಿಗೆ ಸೇರಿರುತ್ತದೆ. ಇನ್ನೊಂದು, ಅದರ ಉದ್ದನೆಯ ಒಡಲಿಗೆ ಸೇರಿರುತ್ತದೆ. ಒಡಲು ಆಂಪ್ಲಿಫೈಯರಿನ ಲೋಹದ ಚೌಕಟ್ಟಿಗೂ ಅದರ ಮೂಲಕ ಭೂಮಿಗೂ ಸಂಬಂಧಿಸಿರುತ್ತದೆ. ಸ್ವಿಚ್ಚು ಮುಚ್ಚಿದಾಗ ತುದಿಯೂ ಒಡಲೂ ಕೂಡಿಕೊಳ್ಳುತ್ತವೆ, ತೆರೆದಾಗ ಅಗಲುತ್ತವೆ. ಈ ಕೂಡುವಿಕೆ ಅಗಲುವಿಕೆಗಳನ್ನು ಒಳಗಿನ ರಿಲೇ ಅಥವಾ ಟ್ರಾನ್ಸಿಸ್ಟರು ಗಮನಿಸಿ ದಾರಿಯನ್ನು ಬದಲಿಸುತ್ತದೆ. ಎರಡು ಗುಂಡಿಗಳಿರುವ ಪೆಟ್ಟಿಗೆಯಾದರೆ ಪಿನ್ನಿನ ನಡುವೆ ಒಂದು ಉಂಗುರವೂ ಇರುತ್ತದೆ. ತುದಿಯು ಒಂದು ಗುಂಡಿಗೆ, ಉಂಗುರವು ಇನ್ನೊಂದಕ್ಕೆ, ಒಡಲು ಎರಡಕ್ಕೂ ಸಾಮಾನ್ಯ.

ಮೊದಲು ಕ್ಷೇಮ

ಕೆಲಸಕ್ಕೆ ಕೈಹಚ್ಚುವ ಮೊದಲು ಮೂರು ಮಾತುಗಳನ್ನು ವಿದ್ಯಾರ್ಥಿಗಳೂ ಪಾಲಕರೂ ಮನಸ್ಸಿನಲ್ಲಿಡತಕ್ಕದ್ದು.

ಮೊದಲನೆಯದು: ಆಂಪ್ಲಿಫೈಯರಿನ ಪೆಟ್ಟಿಗೆಯನ್ನು ಎಂದಿಗೂ ಬಿಚ್ಚಕೂಡದು. ವಾಲ್ವಿನ ಆಂಪ್ಲಿಫೈಯರಿನೊಳಗೆ 300ರಿಂದ 450 ವೋಲ್ಟಿನವರೆಗೆ ವಿದ್ಯುತ್ತು ಇರುತ್ತದೆ. ಅದರ ಕೆಪಾಸಿಟರುಗಳು, ಪ್ಲಗ್ಗನ್ನು ಕಿತ್ತ ಮೇಲೂ ಹಗೇವಿನಲ್ಲಿ ಜೋಳವನ್ನಿಟ್ಟಂತೆ ವಿದ್ಯುತ್ತನ್ನು ತಮ್ಮೊಳಗೆ ಉಳಿಸಿಕೊಂಡಿರುತ್ತವೆ. ನಮ್ಮ ಕೆಲಸವೆಲ್ಲ ನೆಲದ ಮೇಲಿನ ಚಿಕ್ಕ ಪೆಟ್ಟಿಗೆಯಲ್ಲಿ ಮಾತ್ರ. ಆಂಪ್ಲಿಫೈಯರಿನೊಳಗೆ ನಮಗೇನೂ ಕೆಲಸವಿಲ್ಲ.

ಎರಡನೆಯದು: ಮೂರು ಪಿನ್ನಿನ ಪ್ಲಗ್ಗಿನಲ್ಲಿರುವ ದೊಡ್ಡ ಪಿನ್ನನ್ನು ಕೀಳಬಾರದು, ಮುರಿಯಬಾರದು, ಎರಡೇ ತೂತಿನ ಸಾಕೆಟ್ಟಿಗೆ ತಂತಿಗಳನ್ನು ತುರುಕಬಾರದು. ಕಾರಣವನ್ನು ಗಮನಿಸಿರಿ. ಗಿಟಾರಿನ ತಂತಿಗಳು ಕೇಬಲಿನ ಮೂಲಕ ಆಂಪ್ಲಿಫೈಯರಿನ ಚೌಕಟ್ಟಿಗೆ ಸೇರಿವೆ. ಲೋಹದ ಕಾಲುಸ್ವಿಚ್ಚಿನ ಪೆಟ್ಟಿಗೆಯೂ ಅಲ್ಲಿಗೇ ಸೇರಿದೆ. ಒಳಗೆಲ್ಲಿಯೋ ದೋಷವುಂಟಾಗಿ ಚೌಕಟ್ಟಿಗೆ 230 ವೋಲ್ಟಿನ ವಿದ್ಯುತ್ತು ಹರಿದರೆ, ಭೂಸಂಪರ್ಕವಿದ್ದಲ್ಲಿ ಅದು ಭೂಮಿಗೆ ಹರಿದು ಫ್ಯೂಜು ಸುಟ್ಟುಹೋಗುತ್ತದೆ. ಇಲ್ಲದಿದ್ದಲ್ಲಿ ಕೈಬೆರಳಿನ ಕೆಳಗಿನ ತಂತಿ, ಪಾದದ ಕೆಳಗಿನ ಪೆಟ್ಟಿಗೆ ಎರಡೂ ವಿದ್ಯುನ್ಮಯವಾಗಿ, ಮೈಕನ್ನೋ ಒದ್ದೆ ನೆಲವನ್ನೋ ಮುಟ್ಟಿದವನ ದೇಹದ ಮೂಲಕ ಭೂಮಿಗೆ ದಾರಿಯನ್ನು ಹುಡುಕುತ್ತವೆ. 1972ರ ಮೇ 3ರಂದು ಬ್ರಿಟನ್ನಿನ ಸ್ವಾನ್ಸೀ ನಗರದಲ್ಲಿ ಲೆಸ್ಲಿ ಹಾರ್ವೆ ಎಂಬ ಗಿಟಾರ್ ವಾದಕನು ಭೂಸಂಪರ್ಕವು ಸರಿಯಿಲ್ಲದ ಮೈಕನ್ನು ಮುಟ್ಟಿ ವೇದಿಕೆಯ ಮೇಲೆಯೇ ಪ್ರಾಣಬಿಟ್ಟನು. ನಮ್ಮಲ್ಲಿ ವೇದಿಕೆಯನ್ನು ಬರಿಗಾಲಿನಲ್ಲಿ ಏರುವ ಸಂಪ್ರದಾಯವಿದೆ. ಗಣೇಶ ಚತುರ್ಥಿಯು ಗೋವೆಯ ಮಳೆಗಾಲದಲ್ಲಿಯೇ ಬರುತ್ತದೆ. ಮಂಟಪದ ವೈರಿಂಗು ತಾತ್ಕಾಲಿಕವಾಗಿರುತ್ತದೆ. ಈ ಮೂರೂ ಕೂಡಿದಲ್ಲಿ ಅಪಾಯವು ಹೆಚ್ಚು. ಮಂಟಪಕ್ಕೆ ಬರುವ ವಿದ್ಯುತ್ತಿನ ಹಾದಿಯಲ್ಲಿ 30 ಮಿಲಿಆಂಪಿಯರ್ ಸೋರಿಕೆಗೇ ಕಡಿದುಕೊಳ್ಳುವ ಆರ್.ಸಿ.ಸಿ.ಬಿ. ಇದೆಯೇ ಎಂದು ಕೇಳುವ ಹಕ್ಕು ಪ್ರತಿಯೊಬ್ಬ ತಂದೆತಾಯಿಗೂ ಉಂಟು. ನುಡಿಸುವವನ ಕಾಲಡಿಯಲ್ಲಿ ಒಣಗಿದ ರಬ್ಬರ್ ಚಾಪೆಯೊಂದಿರಲಿ, ಕಾಲಲ್ಲಿ ರಬ್ಬರ್ ತಳದ ಪಾದರಕ್ಷೆಯಿರಲಿ.

ಮೂರನೆಯದು: ಸೂಚಕ ದೀಪಕ್ಕೆ ಶಕ್ತಿಯನ್ನು ಗೋಡೆಯ ಸಾಕೆಟ್ಟಿನಿಂದ ತರಬೇಡಿರಿ. ಅಗ್ಗದ ಅಡಾಪ್ಟರು ಅಪಾಯವನ್ನೂ ಗುಂಯ್ಗುಡುವ ಸದ್ದನ್ನೂ ಒಟ್ಟಿಗೆ ತರಬಲ್ಲುದು. 9 ವೋಲ್ಟಿನ ಚೌಕಾಕಾರದ ಬ್ಯಾಟರಿಯು ಸಾಕು.

ಎಲ್.ಇ.ಡಿ. ಎಂದರೇನು?

ಸೂಚಕ ದೀಪಕ್ಕೆ ನಾವು ಬಳಸುವುದು ಎಲ್.ಇ.ಡಿ.ಯನ್ನು. ಇದರಲ್ಲಿ ಕಾದು ಬೆಳಗುವ ತಂತಿಯಿಲ್ಲ; ಅರೆವಾಹಕದ ಎರಡು ಪದರಗಳು ಕೂಡುವ ಅಂಚಿನಲ್ಲಿ ವಿದ್ಯುತ್ತು ಹಾಯ್ದಾಗ ಬೆಳಕು ಹೊಮ್ಮುತ್ತದೆ. ಕಣ್ಣಿಗೆ ಕಾಣುವ ಕೆಂಪು ಬೆಳಕಿನ ಎಲ್.ಇ.ಡಿ.ಯನ್ನು 1962ರಲ್ಲಿ ಅಮೇರಿಕೆಯ ನಿಕ್ ಹೋಲೋನ್ಯಾಕ್ ರಚಿಸಿದನು. ನೀಲಿ ಬೆಳಕಿಗಾಗಿ ವಿಜ್ಞಾನಿಗಳು ಅನೇಕ ವರ್ಷ ಶ್ರಮಿಸಬೇಕಾಯಿತು. ಅದನ್ನು ಸಾಧಿಸಿದ ಅಕಾಸಾಕಿ, ಅಮಾನೊ, ನಕಾಮುರಾ ಎಂಬ ಮೂವರಿಗೆ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಪಾರಿತೋಷಕವು ದೊರೆಯಿತು.

ಎಲ್.ಇ.ಡಿ.ಯ ಎರಡು ಗುಣಗಳನ್ನು ತಿಳಿದಿರಬೇಕು. ಮೊದಲನೆಯದಾಗಿ, ಅದು ಏಕಮುಖಿ. ಅದರ ಉದ್ದನೆಯ ಕಾಲು ಧನಧ್ರುವದ ಕಡೆಗೂ, ಗಿಡ್ಡ ಕಾಲು ಋಣಧ್ರುವದ ಕಡೆಗೂ ಇರಬೇಕು; ಗಿಡ್ಡ ಕಾಲಿನ ಬದಿಯಲ್ಲಿ ಅದರ ಅಂಚು ಚಪ್ಪಟೆಯಾಗಿರುತ್ತದೆ. ತಿರುವುಮುರುವು ಜೋಡಿಸಿದರೆ ಬೆಳಗದು. ಎರಡನೆಯದಾಗಿ, ಕೆಂಪು ಎಲ್.ಇ.ಡಿ.ಯು ಬೆಳಗಲು ಸುಮಾರು 2 ವೋಲ್ಟು ಬೇಕು. ನೀಲಿಗೂ ಬಿಳಿಗೂ ಸುಮಾರು 3 ವೋಲ್ಟು. ಆ ಮಿತಿಯನ್ನು ದಾಟಿದೊಡನೆ ಅದರಲ್ಲಿ ಪ್ರವಾಹವು ಒಡ್ಡು ಒಡೆದ ಕೆರೆಯಂತೆ ನುಗ್ಗುತ್ತದೆ. ಆದುದರಿಂದ ಅದನ್ನು 9 ವೋಲ್ಟಿನ ಬ್ಯಾಟರಿಗೆ ನೇರವಾಗಿ ಹಚ್ಚಿದರೆ ಕ್ಷಣದಲ್ಲಿ ಸುಟ್ಟುಹೋಗುತ್ತದೆ. ತೂಬಿನಂತೆ ಪ್ರವಾಹವನ್ನು ಮಿತಗೊಳಿಸಲು ಒಂದು ರೆಸಿಸ್ಟರು ಅಗತ್ಯ.

ಮೊದಲನೆಯ ವಿಧಾನ: ಆಂಪ್ಲಿಫೈಯರಿನ ವಿದ್ಯುತ್ತಿನಿಂದಲೇ

ಕೆಲವು ಆಂಪ್ಲಿಫೈಯರುಗಳು ಕಾಲುಸ್ವಿಚ್ಚಿನ ತಂತಿಯಲ್ಲಿ ತಾವೇ ಒಂದಿಷ್ಟು ನೇರ ವಿದ್ಯುತ್ತನ್ನು ಕಳುಹಿಸುತ್ತವೆ. ಹಾಗಿದ್ದಲ್ಲಿ ಎಲ್.ಇ.ಡಿ.ಯನ್ನು ಸ್ವಿಚ್ಚಿನೊಡನೆ ಒಂದೇ ಸಾಲಿನಲ್ಲಿ ಜೋಡಿಸಿದರೆ ಸಾಕು; ಬ್ಯಾಟರಿಯೇ ಬೇಡ. ಆದರೆ ಇದನ್ನು ಊಹೆಯ ಮೇಲೆ ಮಾಡಬಾರದು, ಮಲ್ಟಿಮೀಟರಿನಿಂದ ಅಳೆದೇ ಮಾಡಬೇಕು.

ಕಾಲುಸ್ವಿಚ್ಚಿನ ತಳದ ತಗಡನ್ನು ಬಿಚ್ಚಿ, ಸ್ವಿಚ್ಚನ್ನು ತೆರೆದ ಸ್ಥಿತಿಯಲ್ಲಿಟ್ಟು, ಮೀಟರನ್ನು ನೇರ ವಿದ್ಯುತ್ತಿನ ದೊಡ್ಡ ಶ್ರೇಣಿಗೆ ತಿರುಗಿಸಿಕೊಳ್ಳಿರಿ. ಕೇಬಲನ್ನು ಆಂಪ್ಲಿಫೈಯರಿಗೆ ಚುಚ್ಚಿ, ಆಂಪ್ಲಿಫೈಯರನ್ನು ಚಾಲೂ ಮಾಡಿ, ಸ್ವಿಚ್ಚಿನ ಎರಡು ಕಡ್ಡಿಗಳ ನಡುವಣ ವೋಲ್ಟನ್ನು ಅಳೆಯಿರಿ. ಈ ಅಳತೆಯನ್ನು ವಿದ್ಯುತ್ ಕೆಲಸ ಬಲ್ಲ ಹಿರಿಯರೊಬ್ಬರು ಪಕ್ಕದಲ್ಲಿದ್ದಾಗಲೇ ಮಾಡತಕ್ಕದ್ದು. ಈಗ ಮೂರು ಸಂಗತಿಗಳು ಸಂಭವಿಸಬಹುದು.

ಮೀಟರು ಸೊನ್ನೆಯನ್ನೋ ಅದರ ಆಸುಪಾಸನ್ನೋ ತೋರಿಸಿದರೆ, ಆ ತಂತಿಯಲ್ಲಿ ಹರಿಯುವುದು ಸ್ವರದ ಸಂಕೇತವೇ ಹೊರತು ದೀಪಕ್ಕೆ ಬೇಕಾದ ವಿದ್ಯುತ್ತಲ್ಲ. ಹಳೆಯ ಆಂಪ್ಲಿಫೈಯರುಗಳಲ್ಲಿ ಅನುರಣನವನ್ನು ಅಡಗಿಸುವ ಸ್ವಿಚ್ಚು ಈ ಜಾತಿಯದು. ಅಲ್ಲಿ ಎರಡನೆಯ ವಿಧಾನವೇ ಗತಿ.

ಮೀಟರು ಹತ್ತಾರು ವೋಲ್ಟುಗಳನ್ನು ತೋರಿಸಿದರೆ ಅಳತೆಯನ್ನು ಅಲ್ಲಿಗೇ ನಿಲ್ಲಿಸಿ ಆಂಪ್ಲಿಫೈಯರನ್ನು ಆರಿಸಿಬಿಡಿರಿ. ಕೆಲವು ಹಳೆಯ ವಾಲ್ವಿನ ಯಂತ್ರಗಳಲ್ಲಿ ಸ್ವರವನ್ನು ನಡುಗಿಸುವ ಸ್ವಿಚ್ಚಿನ ತಂತಿಯಲ್ಲಿ ಇಂತಹ ಋಣ ವೋಲ್ಟು ಇರುವುದುಂಟು. ಅಲ್ಲಿ ಎಲ್.ಇ.ಡಿ.ಯನ್ನು ಸಾಲಿನಲ್ಲಿ ಜೋಡಿಸುವುದು ಸಲ್ಲದು.

ಮೀಟರು 5ರಿಂದ 15 ವೋಲ್ಟಿನೊಳಗೆ ತೋರಿಸಿದರೆ ಆಸೆಗೆ ಎಡೆಯುಂಟು. ಆಗ ಮೀಟರನ್ನು ಮಿಲಿಆಂಪಿಯರ್ ಶ್ರೇಣಿಗೆ ಬದಲಿಸಿ, ಅದೇ ಎರಡು ಕಡ್ಡಿಗಳಿಗೆ ತಾಗಿಸಿರಿ. ಈಗ ಮೀಟರೇ ಮುಚ್ಚಿದ ಸ್ವಿಚ್ಚಿನಂತೆ ವರ್ತಿಸಿ, ಆಂಪ್ಲಿಫೈಯರಿನ ದಾರಿಯೂ ಬದಲಾಗುತ್ತದೆ. ಪ್ರವಾಹವು 2ರಿಂದ 15 ಮಿಲಿಆಂಪಿಯರಿನೊಳಗಿದ್ದರೆ ಎಲ್.ಇ.ಡಿ.ಯು ಚೆನ್ನಾಗಿ ಬೆಳಗುತ್ತದೆ. ಸಾಮಾನ್ಯ ಎಲ್.ಇ.ಡಿ.ಯ ಮಿತಿ ಸುಮಾರು 20 ಮಿಲಿಆಂಪಿಯರ್. ಇಲ್ಲಿ ಬೇರೆ ರೆಸಿಸ್ಟರು ಏಕೆ ಬೇಡವೆಂದರೆ, ಮಿತಿಗೊಳಿಸುವ ರೋಧವು ಆಂಪ್ಲಿಫೈಯರಿನೊಳಗೇ ಇದೆಯೆಂಬುದನ್ನು ಈ ಅಳತೆಯೇ ಸಿದ್ಧಪಡಿಸಿದೆ. ಎಲ್.ಇ.ಡಿ. ಸೇರಿದರೆ ಪ್ರವಾಹವು ಇನ್ನೂ ಕಡಿಮೆಯಾಗುತ್ತದೆಯೇ ಹೊರತು ಹೆಚ್ಚಾಗದು.

ಒಂದು ಸಂಶಯ ಉಳಿಯುತ್ತದೆ. ಎಲ್.ಇ.ಡಿ.ಯು ತನ್ನ ಪಾಲಿಗೆ 2 ವೋಲ್ಟನ್ನು ಹಿಡಿದುಕೊಳ್ಳುವುದರಿಂದ, ಸ್ವಿಚ್ಚು ಮುಚ್ಚಿದಾಗಲೂ ತಂತಿಯು ಪೂರ್ತಿ ಸೊನ್ನೆಗೆ ಇಳಿಯುವುದಿಲ್ಲ. ಕೆಲವು ಯಂತ್ರಗಳು ಇದನ್ನು ‘ಮುಚ್ಚಿದೆ’ ಎಂದು ಒಪ್ಪಿಕೊಳ್ಳುತ್ತವೆ, ಕೆಲವು ಒಪ್ಪುವುದಿಲ್ಲ. ಆದುದರಿಂದ ಬೆಸುಗೆ ಹಾಕುವ ಮೊದಲು ಮೊಸಳೆಬಾಯಿಯ ಕ್ಲಿಪ್ಪುಗಳಿಂದ ಜೋಡಿಸಿ, ದೀಪವೂ ಬೆಳಗಿ ದಾರಿಯೂ ಬದಲಾಗುವುದೇ ಎಂದು ಹತ್ತು ಸಲ ಒತ್ತಿ ಪರೀಕ್ಷಿಸಿರಿ. ಎರಡೂ ನೆರವೇರಿದರೆ ಮಾತ್ರ ಈ ವಿಧಾನವನ್ನು ಅಂಗೀಕರಿಸಿರಿ.

ಎರಡನೆಯ ವಿಧಾನ: ಪ್ರತ್ಯೇಕ ಬ್ಯಾಟರಿಯಿಂದ

ಈ ವಿಧಾನವು ಒತ್ತಿದಂತೆ ನಿಲ್ಲುವ ಗುಂಡಿಯುಳ್ಳ ಎಲ್ಲ ಕಾಲುಸ್ವಿಚ್ಚುಗಳಿಗೂ ಸಲ್ಲುತ್ತದೆ. ಹಳೆಯ ಸ್ವಿಚ್ಚನ್ನು ತೆಗೆದು, ಅದರ ಸ್ಥಾನದಲ್ಲಿ ಆರು ಕಡ್ಡಿಗಳ ಸ್ವಿಚ್ಚನ್ನು ಕೂಡಿಸಬೇಕು. ಅಂಗಡಿಯಲ್ಲಿ ಇದಕ್ಕೆ ಡಿ.ಪಿ.ಡಿ.ಟಿ. ಫುಟ್‌ಸ್ವಿಚ್ ಎನ್ನುತ್ತಾರೆ. ಇದು ಒಂದೇ ನೊಗಕ್ಕೆ ಹೂಡಿದ ಎರಡೆತ್ತುಗಳಂತೆ. ಗುಂಡಿ ಒಂದೇ, ಒಳಗೆ ಸ್ವಿಚ್ಚುಗಳು ಎರಡು. ಅವು ಒಟ್ಟಿಗೆ ಚಲಿಸುತ್ತವೆ, ಆದರೆ ಒಂದರ ವಿದ್ಯುತ್ತು ಇನ್ನೊಂದಕ್ಕೆ ತಗಲುವುದಿಲ್ಲ. ಒಂದು ಸ್ವಿಚ್ಚು ಆಂಪ್ಲಿಫೈಯರಿನ ಕೆಲಸವನ್ನು ಎಂದಿನಂತೆ ಮಾಡಲಿ, ಇನ್ನೊಂದು ದೀಪವನ್ನು ನೋಡಿಕೊಳ್ಳಲಿ.

ಆರು ಕಡ್ಡಿಗಳು ಮೂರು ಮೂರರ ಎರಡು ಸಾಲುಗಳಲ್ಲಿರುತ್ತವೆ. ಪ್ರತಿ ಸಾಲಿನ ನಡುವಿನ ಕಡ್ಡಿಯು ಗುಂಡಿ ಒತ್ತಿದಂತೆಲ್ಲ ಒಮ್ಮೆ ಈ ಬದಿಯ ಕಡ್ಡಿಗೂ ಮತ್ತೊಮ್ಮೆ ಆ ಬದಿಯ ಕಡ್ಡಿಗೂ ಸೇರುತ್ತದೆ. ಯಾವ ದಿಕ್ಕಿನ ಮೂರು ಒಂದು ಸಾಲು ಎಂಬುದನ್ನು ಮಲ್ಟಿಮೀಟರಿನ ಸದ್ದಿನಿಂದ ಖಚಿತಪಡಿಸಿಕೊಳ್ಳಿರಿ.

ಮೊದಲನೆಯ ಸಾಲಿನಲ್ಲಿ ನಡುವಿನ ಕಡ್ಡಿಗೆ ಕೇಬಲಿನ ತುದಿಯ ತಂತಿಯನ್ನೂ, ಒಂದು ಬದಿಯ ಕಡ್ಡಿಗೆ ಒಡಲಿನ ತಂತಿಯನ್ನೂ ಬೆಸೆಯಿರಿ. ಮೂರನೆಯ ಕಡ್ಡಿ ಖಾಲಿಯಿರಲಿ. ಎರಡನೆಯ ಸಾಲಿಗೆ ಬರೋಣ. ಬ್ಯಾಟರಿಯ ಕ್ಲಿಪ್ಪಿನ ಕೆಂಪು ತಂತಿಯನ್ನು ರೆಸಿಸ್ಟರಿಗೆ, ರೆಸಿಸ್ಟರಿನ ಇನ್ನೊಂದು ತುದಿಯನ್ನು ನಡುವಿನ ಕಡ್ಡಿಗೆ, ಮೊದಲ ಸಾಲಿನಲ್ಲಿ ಆರಿಸಿದ ಬದಿಯ ಕಡ್ಡಿಯಿಂದಲೇ ಎಲ್.ಇ.ಡಿ.ಯ ಉದ್ದ ಕಾಲಿಗೆ, ಗಿಡ್ಡ ಕಾಲಿನಿಂದ ಬ್ಯಾಟರಿಯ ಕಪ್ಪು ತಂತಿಗೆ: ಹೀಗೆ ಒಂದು ಸುತ್ತು ಪೂರ್ಣವಾಗುತ್ತದೆ. ಈಗ ಆಂಪ್ಲಿಫೈಯರಿನ ಸ್ವಿಚ್ಚು ಮುಚ್ಚಿದಾಗ ದೀಪವೂ ಬೆಳಗುತ್ತದೆ. ಸ್ವಿಚ್ಚು ಮುಚ್ಚಿದಾಗ ಪರಿಣಾಮವು ನಿಂತುಹೋಗುವ ಯಂತ್ರವಾಗಿದ್ದರೆ ದೀಪದ ತಂತಿಯನ್ನು ಅದೇ ಸಾಲಿನ ಇನ್ನೊಂದು ಬದಿಗೆ ಬದಲಿಸಿರಿ. ಆಗ ದೀಪದ ಅರ್ಥವು ನೆಟ್ಟಗಾಗುತ್ತದೆ.

ಒಂದಿಷ್ಟು ಲೆಕ್ಕ

ಎಂಟನೆಯ ಇಯತ್ತೆಯಿಂದ ಮೇಲಿನ ವಿದ್ಯಾರ್ಥಿಗಳು ಈ ಲೆಕ್ಕವನ್ನು ತಾವೇ ಮಾಡಿ ನೋಡಬೇಕು. ಬ್ಯಾಟರಿ 9 ವೋಲ್ಟು, ಎಲ್.ಇ.ಡಿ.ಯ ಪಾಲು 2 ವೋಲ್ಟು; ರೆಸಿಸ್ಟರಿಗೆ ಉಳಿಯುವುದು 7 ವೋಲ್ಟು. ಓಮನ ನಿಯಮದಂತೆ ವೋಲ್ಟನ್ನು ರೋಧದಿಂದ ಭಾಗಿಸಿದರೆ ಪ್ರವಾಹವು ಸಿಗುತ್ತದೆ. ರೆಸಿಸ್ಟರು 1000 ಓಮಿನದಾದರೆ 7 ಮಿಲಿಆಂಪಿಯರ್. 4700 ಓಮಿನದಾದರೆ ಸುಮಾರು ಒಂದೂವರೆ ಮಿಲಿಆಂಪಿಯರ್.

ಇನ್ನು ಬ್ಯಾಟರಿಯ ಆಯುಷ್ಯ. ಒಳ್ಳೆಯ ಆಲ್ಕಲೈನ್ ಬ್ಯಾಟರಿಯಲ್ಲಿ ಸುಮಾರು 500 ಮಿಲಿಆಂಪಿಯರ್-ಗಂಟೆಗಳಷ್ಟು ಸಂಗ್ರಹವಿರುತ್ತದೆಯೆಂದು ಇಟ್ಟುಕೊಳ್ಳೋಣ. 7 ಮಿಲಿಆಂಪಿಯರಿನಂತೆ ಖರ್ಚಾದರೆ ಅದು ಸುಮಾರು 70 ಗಂಟೆ ಬಾಳುತ್ತದೆ. ಒಂದೂವರೆಯಂತೆ ಖರ್ಚಾದರೆ 300 ಗಂಟೆಗೂ ಮೇಲೆ. ಇಂದಿನ ಎಲ್.ಇ.ಡಿ.ಗಳು ಒಂದೂವರೆ ಮಿಲಿಆಂಪಿಯರಿಗೂ ಕಾಣುವಷ್ಟು ಬೆಳಗುತ್ತವೆಯಾದುದರಿಂದ ಮಿತವ್ಯಯಿಯಾದ ಮನೆಯವರು 4700 ಓಮನ್ನೇ ಆರಿಸುವರು. ಹಗಲಿನ ಬಯಲು ವೇದಿಕೆಗೆ 2200 ಓಮಿನದು ಮೇಲು. ಕಾರ್ಯಕ್ರಮ ಮುಗಿದ ಬಳಿಕ ದೀಪ ಬೆಳಗುತ್ತಲೇ ಉಳಿಯದಂತೆ ಬ್ಯಾಟರಿಯ ತಂತಿಯಲ್ಲಿ ಒಂದು ಜಾರುಸ್ವಿಚ್ಚನ್ನು ಇಟ್ಟುಕೊಳ್ಳುವುದು ಲೇಸು.

ಕೆಲಸದ ಅಚ್ಚುಕಟ್ಟು

ಪೆಟ್ಟಿಗೆಯಲ್ಲಿ ದೀಪಕ್ಕಾಗಿ ತೂತು ಕೊರೆಯುವ ಮೊದಲು ಒಳಗಿನ ಭಾಗಗಳನ್ನೆಲ್ಲ ಹೊರತೆಗೆಯಿರಿ. ಲೋಹದ ಚೂರೊಂದು ಉಳಿದರೂ ತೊಂದರೆ. 5 ಮಿಲಿಮೀಟರಿನ ಎಲ್.ಇ.ಡಿ.ಗೆ ಪ್ಲಾಸ್ಟಿಕ್ಕಿನ ಹಿಡಿಕೆಯು ಸಿಗುತ್ತದೆ. ತೂತು ಗುಂಡಿಯ ಮುಂದುಗಡೆ ಇರಲಿ. ಹಿಂದೆ ಇದ್ದರೆ ಪಾದವೇ ದೀಪವನ್ನು ಮುಚ್ಚುತ್ತದೆ. ಬೆಸುಗೆ ಹಾಕುವಾಗ ಮೊದಲು ಕಡ್ಡಿಯನ್ನೂ ತಂತಿಯನ್ನೂ ಕಾಯಿಸಿ ಅನಂತರ ಸೀಸವನ್ನು ತಾಗಿಸಬೇಕು; ಹೊಳೆಯುವ ಬೆಸುಗೆಯು ಗಟ್ಟಿ, ಮಂಕಾಗಿ ಉಂಡೆಗಟ್ಟಿದ ಬೆಸುಗೆಯು ಪೊಳ್ಳು. ಕಿಟಕಿ ತೆರೆದಿರಲಿ, ಹೊಗೆಯನ್ನು ಸೇವಿಸಬೇಡಿರಿ, ಕೆಲಸ ಮುಗಿದೊಡನೆ ಕೈ ತೊಳೆಯಿರಿ. ಎಲ್.ಇ.ಡಿ.ಯ ಬೆತ್ತಲೆ ಕಾಲುಗಳಿಗೂ ಬ್ಯಾಟರಿಯ ತುದಿಗಳಿಗೂ ಪ್ಲಾಸ್ಟಿಕ್ ಕೊಳವೆಯನ್ನು ತೊಡಿಸಿ, ಅವು ಪೆಟ್ಟಿಗೆಯ ಲೋಹಕ್ಕೆ ತಾಗದಂತೆ ನೋಡಿಕೊಳ್ಳಿರಿ.

ಗೋವೆಯ ಉಪ್ಪುಗಾಳಿಯೂ ನಾಲ್ಕು ತಿಂಗಳ ಮಳೆಯೂ ಇಂತಹ ವಸ್ತುಗಳ ಶತ್ರುಗಳು. ಸ್ವಿಚ್ಚಿನ ಕಡ್ಡಿಗಳು ಕಿಲುಬುಗಟ್ಟುತ್ತವೆ, ಬ್ಯಾಟರಿಯು ಸೋರಿ ತಗಡನ್ನು ತಿನ್ನುತ್ತದೆ. ಮಳೆಗಾಲದಲ್ಲಿ ಬಳಸದಿದ್ದರೆ ಬ್ಯಾಟರಿಯನ್ನು ತೆಗೆದಿಡಿರಿ. ಹೊಸ ಪಾದರಕ್ಷೆಯ ಡಬ್ಬಿಯಲ್ಲಿ ಬರುವ ತೇವಹೀರುವ ಪುಟ್ಟ ಚೀಲವನ್ನು ಎಸೆಯದೆ ಕಾಲುಸ್ವಿಚ್ಚಿನೊಡನೆ ಡಬ್ಬಿಯಲ್ಲಿಟ್ಟರೆ ಒಳ್ಳೆಯದು.

ಎರಡು ಗುಂಡಿಗಳ ಪೆಟ್ಟಿಗೆಗೆ ಎರಡು ಬಣ್ಣದ ದೀಪಗಳನ್ನು ಇಡಬಹುದು. ಆದರೆ ಕೆಂಪು ಹಸಿರುಗಳ ಭೇದವು ಕಾಣದ ಮಕ್ಕಳೂ ಉಂಟು. ಆದುದರಿಂದ ಬಣ್ಣವನ್ನಷ್ಟೇ ನಂಬದೆ, ಆಯಾ ಗುಂಡಿಯ ಮುಂದೆಯೇ ಆಯಾ ದೀಪವಿರುವಂತೆ ಮಾಡುವುದು ವಿವೇಕ.

ದೀಪದ ಸಾಕ್ಷಿ ಎಷ್ಟರಮಟ್ಟಿಗೆ?

ಹುಬ್ಬಳ್ಳಿಯಿಂದ ಲೋಂಡಾ, ಕ್ಯಾಸಲ್‌ರಾಕ್‌ಗಳ ಮೇಲೆ ಘಟ್ಟವಿಳಿದು ವಾಸ್ಕೋಕ್ಕೆ ಬರುವ ರೈಲಿನ ಚಾಲಕನು ದಾರಿಯನ್ನೆಲ್ಲ ಕಣ್ಣಿಂದ ನೋಡಲಾರ. ಸಿಗ್ನಲಿನ ದೀಪವನ್ನು ನಂಬಿ ಗಾಡಿಯನ್ನು ಬಿಡುತ್ತಾನೆ. ರಾತ್ರಿ ಮುರಗಾಂವ್ ಬಂದರಿಗೆ ಬರುವ ಹಡಗಿನ ಎಡಮಗ್ಗುಲಲ್ಲಿ ಕೆಂಪು, ಬಲಮಗ್ಗುಲಲ್ಲಿ ಹಸಿರು ದೀಪವಿರುತ್ತದೆ. ಅದನ್ನು ಕಂಡು ಇತರರು ಅದರ ದಿಕ್ಕನ್ನು ಅರಿಯುತ್ತಾರೆ. ದೀಪವೆಂದರೆ ಸಾಕ್ಷಿ. ಸಾಕ್ಷಿಯ ಮಾತನ್ನು ಕೇಳುವಾಗ ಅದು ಯಾವುದನ್ನು ಕಂಡಿದೆ, ಯಾವುದನ್ನು ಕಂಡಿಲ್ಲವೆಂಬುದನ್ನು ವಿಚಾರಿಸಬೇಕು.

ಎರಡನೆಯ ವಿಧಾನದ ದೀಪವು ಬಲ್ಲುದು ಸ್ವಿಚ್ಚಿನ ಸ್ಥಿತಿಯನ್ನು ಮಾತ್ರ. ಕೇಬಲು ಕಿತ್ತುಹೋಗಿದ್ದರೂ, ಆಂಪ್ಲಿಫೈಯರು ಆರಿಹೋಗಿದ್ದರೂ ಅದು ಎಂದಿನಂತೆ ಬೆಳಗುತ್ತದೆ. ಮೊದಲನೆಯ ವಿಧಾನದ ದೀಪವು ಅದಕ್ಕಿಂತ ಹೆಚ್ಚನ್ನು ಬಲ್ಲುದು. ಆಂಪ್ಲಿಫೈಯರಿನಿಂದ ಪ್ರವಾಹವು ಬಾರದೆ ಅದು ಬೆಳಗುವುದೇ ಇಲ್ಲ. ಕೆಲವು ಹೊಸ ಆಂಪ್ಲಿಫೈಯರುಗಳ ಗುಂಡಿಯು ಒತ್ತಿದಾಗ ಮಾತ್ರ ಮುಚ್ಚಿ, ಬಿಟ್ಟೊಡನೆ ತೆರೆದುಕೊಳ್ಳುತ್ತದೆ. ಸ್ಥಿತಿಯನ್ನು ನೆನಪಿಟ್ಟುಕೊಳ್ಳುವುದು ಯಂತ್ರವೇ. ಅಂಥದಕ್ಕೆ ನಮ್ಮ ದೀಪವನ್ನು ಜೋಡಿಸಿದರೆ ಒತ್ತಿದಷ್ಟು ಹೊತ್ತು ಮಿನುಗಿ ಆರುತ್ತದೆ, ಸ್ಥಿತಿಯನ್ನು ಹೇಳಲಾರದು. ಎಲ್ಲಕ್ಕಿಂತ ಮುಖ್ಯವಾಗಿ, ಇವುಗಳಲ್ಲಿ ಯಾವ ದೀಪವೂ ಭೂಸಂಪರ್ಕವು ಸರಿಯಾಗಿದೆಯೆಂದು ಹೇಳುವುದಿಲ್ಲ. ದೀಪ ಬೆಳಗುತ್ತಿದೆಯೆಂದು ಒದ್ದೆ ವೇದಿಕೆಯನ್ನು ನಿರ್ಭಯವಾಗಿ ಏರುವವನು, ಸಾಕ್ಷಿಯು ಹೇಳದ ಮಾತನ್ನು ತಾನೇ ಕಲ್ಪಿಸಿಕೊಂಡಂತೆ.

ವಿದ್ಯಾರ್ಥಿಗಳೇ, ಈ ಕೆಲಸಕ್ಕೆ ಬೇಕಾದುದು ಒಂದು ಸ್ವಿಚ್ಚು, ಒಂದು ಎಲ್.ಇ.ಡಿ., ಒಂದು ರೆಸಿಸ್ಟರು, ಒಂದು ಬ್ಯಾಟರಿ. ನಿಮ್ಮಲ್ಲಿ ಅನೇಕರ ತಂದೆಯರು, ಅಣ್ಣಂದಿರು ವೈರಿಂಗ್ ಕೆಲಸವನ್ನು ಬಲ್ಲವರು. ಅವರ ಪಕ್ಕದಲ್ಲಿ ಕುಳಿತು ಇದನ್ನು ಮಾಡಿರಿ. ಪುಸ್ತಕದಲ್ಲಿ ಓದಿದ ಓಮನ ನಿಯಮವನ್ನು ನೀವು ಅವರಿಗೆ ತೋರಿಸಬಹುದು; ಗಟ್ಟಿಯಾದ ಬೆಸುಗೆ ಹೇಗಿರುತ್ತದೆಂಬುದನ್ನು ಅವರು ನಿಮಗೆ ತೋರಿಸುವರು. ಪಾಲಕರಲ್ಲಿ ನಮ್ಮ ಬಿನ್ನಹವಿಷ್ಟೆ: ಮಗುವು ಕಾಲುಸ್ವಿಚ್ಚಿನ ಪೆಟ್ಟಿಗೆಯನ್ನು ಬಿಚ್ಚಿ ಕುಳಿತರೆ ಗದರಿಸಬೇಡಿರಿ; ಆಂಪ್ಲಿಫೈಯರಿನ ಪೆಟ್ಟಿಗೆಯನ್ನು ಬಿಚ್ಚಲು ಹೊರಟರೆ ಮಾತ್ರ ತಡೆಯಿರಿ. ಮುಂದಿನ ಸ್ನೇಹಸಮ್ಮೇಳನದ ಮೊದಲು ವೇದಿಕೆಯ ಮೂರು ಪಿನ್ನಿನ ಸಾಕೆಟ್ಟುಗಳಲ್ಲಿ ಭೂಸಂಪರ್ಕವಿದೆಯೇ ಎಂದು ಬಲ್ಲವರಿಂದ ಪರೀಕ್ಷಿಸಿಕೊಂಡೇ ತೆರೆಯನ್ನು ಏರಿಸೋಣ.